ಸೊಪ್ಪಿನ ಕೋಣೆಯ ಕಾದಂಬರಿಗಳು

ನನಗೆ ಕ್ಷಯ ಅಂತ ಗೊತ್ತಾದ ದಿನ, ಕೊಳ್ಳೇಗಾಲದ ಡಾಕ್ಟರ ಷಾಪಿನ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದುಕೊಂಡು ಎದ್ದು ಆ ಕೊನೆಗೆ ಹೋಗಿ ಕೂತಳು. ಅಲ್ಲಿಯವರೆಗೂ ಇಬ್ಬರೂ ಚೆನ್ನಾಗೇ ಮಾತಾಡಿಕೊಂಡಿದ್ದೆವು. ಸತ್ತೇಗಾಲದವಳಂತೆ, ಕಬ್ಬು, ತೆಂಗು, ಸೊಸೆಯರ ಜಗಳ ಎಲ್ಲ ಹೇಳಿಕೊಂಡಿದ್ದಳು. ಅವಳೂ ನನ್ನ ಹಾಗೇ ಕೆಮ್ಮುತ್ತಿದ್ದಳು. ಕಾಂಪೌಂಡರು ಒಳಗಿಂದ ಬಂದು "ಹನೂರಿನ ಟೀಬಿಯಮ್ಮ ಯಾರು?" ಅಂತ ಕೂಗಿದ್ದೇ ತಡ, ಆಯಮ್ಮನಿಗೆ ನಾನು ಯಾರೂ ಅಲ್ಲದವಳಾಗಿಬಿಟ್ಟೆ. ನನಗೆ ಮೊದಲು ಬಂದದ್ದು ಸಿಟ್ಟು. ಭಯ ಆಮೇಲೆ ಬಂತು.

ಒಳಗೆ ಡಾಕ್ಟರು, ನಾವು ಮೈಸೂರಿನಲ್ಲಿ ತೆಗೆಸಿ ತಂದಿದ್ದ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ನಮ್ಮ ಮನೆಯವರು ಟವಲು ಕೈಯಲ್ಲಿ ಹಿಂಡಿಕೊಂಡು ನಿಂತಿದ್ದರು. "ಸಾ, ವಾಸಿ ಆಯ್ತದಾ?" ಅಂದರು.

"ಆಗುತ್ತಪ್ಪ. ಸೂಜಿ, ಮಾತ್ರೆ ಒಂದು ದಿನವೂ ತಪ್ಪಿಸಬಾರದು. ಚೆನ್ನಾಗಿ ತಿನ್ನಬೇಕು, ಮಲಗಿರಬೇಕು. ಮಗು ಇದೆಯಾ?"

"ಎಣ್ಣು ಕೂಸು ಸಾ. ಇನ್ನೂ ಆಲು ಕುಡೀತದೆ."

"ಇವತ್ತಿಗೇ ಬಿಡಿಸಿ. ಕಫ ಚೊಕ್ಕ ಆಗೋವರೆಗೂ ಮಗು ಇವರ ಹತ್ತಿರ ಬರಬಾರದು."

ಆವತ್ತಿನಿಂದ ನನಗೆ ಬೇಕಾದದ್ದು ಒಂದೇ. ಕಫ ಚೊಕ್ಕ ಆಗಬೇಕು, ಗೌರಿ ನನ್ನ ತೊಡೆಗೆ ವಾಪಸು ಬರಬೇಕು. ಮಿಕ್ಕ ಯಾವುದೂ ನನಗೆ ಬೇಕಿರಲಿಲ್ಲ.

ಇದೆಲ್ಲ ಮುಗಿದು ವರ್ಷಗಳಾದ ಮೇಲೆ ಈಗ ಬರೆಯುತ್ತಿದ್ದೇನೆ. ಇವತ್ತೂ ಯಾವುದೋ ಮನೆಯ ಹಿಂದಿನ ಕೋಣೆಯಲ್ಲಿ ಯಾರೋ ಒಬ್ಬಳು ತಟ್ಟೆ ಲೋಟ ಬೇರೆ ಇಟ್ಟುಕೊಂಡು ಮಲಗಿರುತ್ತಾಳೆ. ಅವಳಿಗೆ ಬುದ್ಧಿ ಹೇಳುವಷ್ಟು ದೊಡ್ಡವಳಲ್ಲ ನಾನು. ನಾನೂ ಹಾಗೇ ಮಲಗಿದ್ದೆ, ಎದ್ದೆ, ಅಷ್ಟು ಗೊತ್ತಾದರೆ ಸಾಕು.

ನನ್ನ ತವರು ಯಳಂದೂರು ತಾಲ್ಲೂಕಿನ ಅಗರ. ನನ್ನ ತಂಗಿ ಮಾದೇವಿ ಅಲ್ಲಿಂದ ಬಂದು ಗೌರಿಯನ್ನು ಎತ್ತಿಕೊಂಡು ಹೋದಳು. ನಾನು ಕೋಣೆಯ ಬಾಗಿಲ ಹಿಂದೆ ನಿಂತು ಸಂದಿಯಲ್ಲಿ ನೋಡಿದೆ. ಕೂಸು ಕೈಯಲ್ಲಿ ಬೆಲ್ಲದ ಚೂರು ಹಿಡಿದುಕೊಂಡು, ಚಿಕ್ಕಮ್ಮನ ಕಿವಿಯ ಓಲೆ ಎಳೆಯುತ್ತಾ ನಗುನಗುತ್ತಲೇ ಹೋಯಿತು. ಅತ್ತಿದ್ದರೂ ನನಗೆ ಅಷ್ಟು ಸಂಕಟ ಆಗುತ್ತಿರಲಿಲ್ಲವೇನೋ. ಮೂರು ದಿನ ಎದೆಯ ಹಾಲು ಕಟ್ಟಿಕೊಂಡು ನೋವು ತಿಂದೆ.

ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದೆವು. ಹುಳದ ಮನೆಯ ಮಡಿ ಗೊತ್ತಿಲ್ಲದವರಿಗೆ ನನ್ನ ಪಾಡು ಅರ್ಥವಾಗುವುದಿಲ್ಲ. ಮುಟ್ಟಾದವರು ಅತ್ತ ಸುಳಿಯುವ ಹಾಗಿಲ್ಲ, ಹೊರಗಿನವರು ಕಾಲು ತೊಳೆಯದೆ ಬರುವ ಹಾಗಿಲ್ಲ, ಈರುಳ್ಳಿ ಒಗ್ಗರಣೆ ಹಾಕುವ ಹಾಗಿಲ್ಲ. ಒಂದು ಹುಳ ಸಪ್ಪಗೆ ತಲೆ ಎತ್ತಿ ನಿಂತರೆ ಸಾಕು, ನಮ್ಮತ್ತೆ ಅದನ್ನು ಎರಡು ಕಡ್ಡಿಯಲ್ಲಿ ಎತ್ತಿ ಬೂದಿಗುಂಡಿಗೆ ಹಾಕುತ್ತಿದ್ದರು. ನನ್ನ ವಿಷಯ ಕೇಳಿದಾಗಲೂ ಅವರು ಮೊದಲು ಅಂದದ್ದು, "ಉಳಕ್ಕೇನಾರ ತಗುಲ್ಬುಟ್ರೆ ಎಂಗ್ಲಾ?" ಅಂತ. ಕೆಟ್ಟವರಲ್ಲ, ಗಾಬರಿ ಅಷ್ಟೆ. ಹಿತ್ತಲ ಕಡೆ ಹಿಪ್ಪುನೇರಳೆ ಸೊಪ್ಪು ತುಂಬುತ್ತಿದ್ದ ಹಳೇ ಕೋಣೆಯೊಂದಿತ್ತು. ಅದನ್ನು ಸಾರಿಸಿ, ಒಂದು ಮಂಚ ಹಾಕಿ, ನನ್ನನ್ನು ಅಲ್ಲಿಗೆ ಸೇರಿಸಿದರು.

ದಿನಾ ಬೆಳಿಗ್ಗೆ ಊರಿನ ಕಾಂಪೌಂಡರೊಬ್ಬರು ಬಂದು ಸೂಜಿ ಚುಚ್ಚಿ ಹೋಗುವರು. ಆ ಸೂಜಿಗೆ ಕಿವಿಯೊಳಗೆ ಸದಾ ಜೀರುಂಡೆ ಕೂಗಿದ ಹಾಗಾಗುತ್ತಿತ್ತು. ಮಾತ್ರೆಗಳೋ, ನುಂಗಿದ್ದಕ್ಕಿಂತ ಕಕ್ಕಿದ್ದೇ ಹೆಚ್ಚು. ಡಾಕ್ಟರು ಮೊಟ್ಟೆ ತಿನ್ನಿ ಅಂದಿದ್ದರು. ಲಿಂಗ ಕಟ್ಟಿದ ಮನೆಯಲ್ಲಿ ಮೊಟ್ಟೆಯ ಮಾತೆತ್ತಿದರೆ ಅತ್ತೆ ಇನ್ನೊಂದು ಕಾಯಿಲೆ ಬಂದ ಹಾಗೆ ನೋಡಿದರು. ಅದರ ಬದಲು ಹಾಲು, ಬೆಣ್ಣೆ, ಹುರುಳಿಕಟ್ಟಿನ ಸಾರು ಅಂತ ತಂದು ಹೊಸಿಲ ಮೇಲಿಟ್ಟು, "ತಕ್ಕವ್ವ, ಬಿಸಿಬಿಸಿ ಉಣ್ಣು" ಅಂತ ಕೂಗಿ ಹೋಗಿಬಿಡುವರು. ಅವರ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಆ ಬೆನ್ನಿನ ಜೊತೆಗೇ ಎಷ್ಟೋ ಸಲ ಮಾತಾಡಿದೆ.

ಕಾದಂಬರಿ ಓದುವ ಚಟ ಹತ್ತಿದ್ದು ಆಗ. ನಾನು ಯಳಂದೂರಿನಲ್ಲಿ ಲೋಯರ್ ಸೆಕೆಂಡರಿವರೆಗೆ ಓದಿದವಳು. ನಮ್ಮ ಮನೆಯವರು ಓದಿದ್ದು ಸೋದರಮಾವನ ಮನೆಯಲ್ಲಿ, ತಮಿಳು ಸ್ಕೂಲಿನಲ್ಲಿ. ಆಗ ಕೊಳ್ಳೇಗಾಲ, ಹನೂರು ಎಲ್ಲ ಮದ್ರಾಸಿನವರ ಕೈಲಿತ್ತು. ಬಾಯಲ್ಲಿ ಕನ್ನಡ, ಕಣ್ಣಿಗೆ ತಮಿಳು ಅವರದ್ದು. ಕನ್ನಡದಲ್ಲಿ ಬಸ್ಸಿನ ಬೋರ್ಡು ಓದಿಕೊಂಡರೆ ಹೆಚ್ಚು. ರೇಷ್ಮೆ ಗೂಡು ಮಾರಲು ಕೊಳ್ಳೇಗಾಲಕ್ಕೆ ಹೋದಾಗ ಬಸ್ ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿ ಕಂಡಿದೆ. ನಾನು ಗೋಡೆ ನೋಡಿಕೊಂಡು ಮಲಗಿರುವುದು ನೋಡಲಾರದೆ ಒಂದೆರಡು ತಂದರು. ಅವರು ಆರಿಸುತ್ತಿದ್ದ ರೀತಿಯೋ, ದೇವರಿಗೇ ಪ್ರೀತಿ. ದಪ್ಪ ಇರಬೇಕು, ರಟ್ಟಿನ ಮೇಲೆ ಬಣ್ಣದ ಚಿತ್ರ ಇರಬೇಕು. ಒಳಗೆ ಏನಿದ್ದರೂ ಸರಿ.

ಹಾಗಾಗಿ ನನ್ನ ಮಂಚಕ್ಕೆ ಎಲ್ಲ ಜಾತಿಯ ಕಾದಂಬರಿಯೂ ಬಂತು. ಮೊದಲು ಬಂದದ್ದು ರಾಜರದ್ದು. ಅದರಲ್ಲಿ ಯುದ್ಧವೋ ಯುದ್ಧ. ಲಕ್ಷ ಜನ ಸೈನ್ಯ ಹೊರಟಿತು ಅಂತ ಒಂದೇ ಸಾಲಿನಲ್ಲಿ ಬರೆದುಬಿಟ್ಟಿದ್ದರು ಮಹಾನುಭಾವರು. ಅಷ್ಟು ಜನಕ್ಕೆ ಬೇಯಿಸಿ ಹಾಕಿದವರು ಯಾರು, ಕೆಮ್ಮಿದವನನ್ನು ಎಲ್ಲಿ ಮಲಗಿಸಿದರು ಅಂತ ಹುಡುಕುತ್ತಾ ಕೊನೆಯವರೆಗೂ ಓದಿದೆ, ಎಲ್ಲೂ ಇಲ್ಲ. ಆಮೇಲೆ ದೆವ್ವದ್ದೊಂದು. ಪಾಳುಮನೆ, ಬಿಳಿ ಸೀರೆ, ಗೆಜ್ಜೆ ಸದ್ದು. ಬೇರೆ ಕಾಲದಲ್ಲಿ ಓದಿದ್ದರೆ ಹೆದರುತ್ತಿದ್ದೆನೇನೋ. ನನ್ನ ಕಿಟಕಿಯ ಮುಂದೆ ಹಾದು ಹೋಗುವ ಮಕ್ಕಳೇ ಉಸಿರು ಬಿಗಿಹಿಡಿದು ಓಡುತ್ತಿದ್ದವು. ಜನ ನಮ್ಮನ್ನು ಕಂಡು ಹಾಗೆ ಓಡುವಾಗ ನಾವು ಯಾವ ದೆವ್ವಕ್ಕೆ ಹೆದರುವುದು? ಆ ಬಿಳಿ ಸೀರೆಯವಳ ಮೇಲೆ ನನಗೆ ಕನಿಕರ ಬಂತು, ಪಾಪ, ಒಬ್ಬಳೇ ಇರುತ್ತಾಳಲ್ಲ ಅಂತ.

ಪ್ರೇಮದ ಕಾದಂಬರಿ ಮಾತ್ರ ನನ್ನನ್ನು ಕೊಂದುಹಾಕಿತು. ಕೆರೆ ಏರಿಯ ಮೇಲೆ ಅವನು ಅವಳ ಕೈ ಹಿಡಿಯುತ್ತಾನೆ, ಅಷ್ಟೇ, ಅದನ್ನೇ ಎರಡು ಪುಟ ಬರೆದಿದ್ದರು. ಮದುವೆಗೆ ಮುಂಚೆ ಓದಿದ್ದರೆ ಕಿಸಿಕಿಸಿ ನಗುತ್ತಿದ್ದೆ. ಆವತ್ತು ಓದುತ್ತಾ ಅಳು ಬಂತು. ಎಷ್ಟು ತಿಂಗಳಾಗಿತ್ತೋ, ಕಾಂಪೌಂಡರು ಸೂಜಿ ಚುಚ್ಚುವಾಗ ತೋಳು ಹಿಡಿಯುವುದು ಬಿಟ್ಟರೆ ನನ್ನನ್ನು ಒಬ್ಬರೂ ಮುಟ್ಟಿರಲಿಲ್ಲ. ನನ್ನ ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡು ಕೂತಿದ್ದೆ. ನಾಚಿಕೆ ಏನು, ಹಿಡಿದುಕೊಂಡಿದ್ದೆ.

ಪತ್ತೇದಾರಿ ಬಂದ ಮೇಲೆ ಸ್ವಲ್ಪ ಜೀವ ಬಂತು ನೋಡಿ. ಕೊಲೆ ಯಾರು ಮಾಡಿದರು ಅಂತ ಮೊದಲೇ ಕಂಡುಹಿಡಿದು ಕೊನೆಯ ಹಾಳೆ ನೋಡುವೆ. ಸರಿಯಾಗಿದ್ದರೆ ಆವತ್ತು ಎರಡು ತುತ್ತು ಹೆಚ್ಚಿಗೆ ಸೇರುತ್ತಿತ್ತು. ಯಾರನ್ನೂ ನಂಬಬಾರದು, ಎಲ್ಲರನ್ನೂ ಗಮನಿಸಬೇಕು, ಇದರಿಂದ ಯಾರಿಗೆ ಲಾಭ ಅಂತ ಕೇಳಿಕೊಳ್ಳಬೇಕು, ಇಷ್ಟು ಬುದ್ಧಿ ಅದರಿಂದ ಬಂತು. ಆ ಬುದ್ಧಿ ಆಮೇಲೆ ನನ್ನನ್ನೇ ತಿಂತು.

ಓದಿ ಮುಗಿಸಿದ ಪುಸ್ತಕವನ್ನು ನಮ್ಮತ್ತೆ ಹಾಗೇ ವಾಪಸು ಕಳಿಸಲು ಬಿಡುತ್ತಿರಲಿಲ್ಲ. ಬೆಳೆ ಮುಗಿದ ಮೇಲೆ ಹುಳದ ತಟ್ಟೆಗಳನ್ನು ಸಗಣಿ ಸಾರಿಸಿ ಬಿಸಿಲಿಗೆ ಹಾಕುತ್ತಾರಲ್ಲ, ಅದರ ಸಾಲಿನಲ್ಲೇ ನನ್ನ ಕಾದಂಬರಿಗಳನ್ನೂ ಬಿಡಿಸಿ ಇಟ್ಟು ಒಣಗಿಸುವರು. ಪುಣ್ಯಕ್ಕೆ ಸಗಣಿ ಬಳಿಯಲಿಲ್ಲ.

ಹೀಗಿರುವಾಗ ಒಂದು ದಿನ ನಮ್ಮ ಮನೆಯವರು ತಂದ ಪುಸ್ತಕದ ರಟ್ಟಿನ ಮೇಲೆ ಕೂಸನ್ನು ಎತ್ತಿಕೊಂಡು ನಗುತ್ತಿರುವ ಹೆಂಗಸಿನ ಚಿತ್ರವಿತ್ತು. ಆಸೆಯಿಂದ ಶುರು ಮಾಡಿದೆ. ಸಂಸಾರದ ಕತೆ. ಸ್ವಲ್ಪ ದೂರ ಹೋಗುವುದರೊಳಗೆ ಅವಳು ಕೆಮ್ಮಿದಳು. ಕೆಮ್ಮಿದಾಗಲೇ ನನಗೆ ಗೊತ್ತಾಯಿತು. ಕರವಸ್ತ್ರದಲ್ಲಿ ರಕ್ತ. ಆಮೇಲೆ ಇನ್ನೂರು ಪುಟ ಅವಳು ನಗುತ್ತಲೇ ಸಾಯುತ್ತಾಳೆ. ಸಾಯುವ ಮುಂಚೆ ತನ್ನ ತಂಗಿಯ ಕೈಯನ್ನು ಗಂಡನ ಕೈಯಲ್ಲಿಟ್ಟು, ಕೂಸನ್ನು ತಂಗಿಯ ಮಡಿಲಿಗೆ ಹಾಕಿ, "ಈಗ ನನಗೆ ನೆಮ್ಮದಿ" ಅನ್ನುತ್ತಾಳೆ. ಥೂ! ನಾನು ಪುಸ್ತಕವನ್ನು ಬಾಗಿಲಾಚೆ ಎಸೆದೆ. ಬರೆದ ಪುಣ್ಯಾತ್ಮ ಒಂದು ದಿನವಾದರೂ ಆ ಮಾತ್ರೆ ನುಂಗಿದ್ದನೇ? ನಗುತ್ತಾಳಂತೆ, ನಗು!

ಮಾದೇವಿ ಆಗಾಗ ಬಂದು ಅಂಗಳದಲ್ಲಿ ನಿಂತು ಗೌರಿಯ ಸುದ್ದಿ ಹೇಳಿ ಹೋಗುತ್ತಿದ್ದಳು. ಕೂಸನ್ನು ಮಾತ್ರ ಕರೆತರುತ್ತಿರಲಿಲ್ಲ. ಆ ಸಲ ಬಂದಾಗ ಅತ್ತೆ ಬಿಸಿಲಿಗೆ ಹಾಕಿದ್ದ ಆ ಪುಸ್ತಕ ಕಂಡು, "ಅಕ್ಕ, ನಾನು ತಕಂಡೋಗಿ ಓದ್ಲಾ?" ಅಂದಳು. ತಕೊಂಡು ಹಾಳಾಗ್ಹೋಗು ಅಂದೆ. ಪುಸ್ತಕ ಅಗರಕ್ಕೆ ಹೋಯಿತು.

ಅದಾದ ಕೆಲವು ದಿನಕ್ಕೆ ನಮ್ಮವ್ವ ಬಂದರು. ಅಂಗಳದ ಒರಳುಕಲ್ಲಿನ ಮೇಲೆ ಕೂತು, ಬಾಗಿಲಲ್ಲಿ ಕೂತ ನನ್ನ ಜೊತೆ ಸುಮ್ಮನೆ ಏನೇನೋ ಮಾತಾಡಿದರು. ಆಮೇಲೆ ವಿಷಯಕ್ಕೆ ಬಂದರು.

"ಮಾದೇವಿ ಒಂದು ಕತೆ ಪುಸ್ತಕ ಓದುದ್ಲು ಕಣವ್ವ. ಬೀದಿ ಎಂಗಸ್ರೆಲ್ಲ ಕೂತು ಕೇಳುದ್ರು. ಅತ್ತುದ್ದೇ ಅತ್ತುದ್ದು. ಆ ತಾಯಿ ತನ್ ಕೈಯಾರ ತಂಗಿಯ ಒಪ್ಪುಸ್ಬುಟ್ಟು ಓದ್ಲಲ್ಲ, ಎಂಥಾ ದೇವ್ರಂತೋಳು."

"ಅವ್ಳು ಸತ್ಲು ಕಣವ್ವ. ನಾ ಸತ್ತಿಲ್ಲ" ಅಂದೆ.

"ಬುಡ್ತು ಅನ್ನು. ನೀ ಯಾಕ್ ಸಾಯ್ತೀಯೆ? ಆದ್ರೂವೆ ಒಂದು ಮಾತು. ನಿನ್ ಗಂಡ ಎಷ್ಟು ದಿನ ಇಂಗೇ ಇದ್ದಾನು? ಬ್ಯಾರೆ ಕಡೆಯಿಂದ ಎಣ್ಣು ತಂದ್ರೆ ಗೌರಿ ಮಲತಾಯಿ ಕೈಗೆ ಬೀಳ್ತಾಳೆ. ನಮ್ಮ ಮಾದೇವಿನೇ ಆದ್ರೆ ಕೂಸೂ ನಮ್ಮದೇ, ನಿನ್ನೂ ನೋಡ್ಕತಾಳೆ. ನೀನೇ ಬಾಯ್ಬುಟ್ಟು ಏಳ್ಬುಟ್ರೆ ಎಲ್ರಿಗೂ ಮರ್ವಾದೆ."

ಅಕ್ಕ ತೀರಿಹೋದ ಮನೆಗೆ ತಂಗಿಯನ್ನು ಕೊಡುವುದು ನಮ್ಮಲ್ಲಿ ಹೊಸದಲ್ಲ. ಆದರೆ ಅಕ್ಕ ಮಂಚದ ಮೇಲೆ ಕೂತು ನೋಡುತ್ತಿರುವಾಗಲೇ? ನನ್ನ ಅವ್ವನಿಗೆ ನಾನು ಸತ್ತೇ ಹೋಗಿದ್ದೆ. ಸತ್ತ ಮಗಳ ಜೊತೆ ಕೂತು ಎಷ್ಟು ಪ್ರೀತಿಯಿಂದ ಮಾತಾಡಿದರು! ನಾನು ಎದ್ದೆ. ಒಳಗೆ ಹೋಗಿ ಬಾಗಿಲು ಮುಂದಕ್ಕೆಳೆದುಕೊಂಡೆ. ಅವರು ಹೊರಗೆ ಸ್ವಲ್ಪ ಹೊತ್ತು ಅತ್ತು ಬಸ್ಸಿಗೆ ಹೋದರು.

ಆಗ ಶುರುವಾಯಿತು ನನ್ನ ಪತ್ತೇದಾರಿ. ನಮ್ಮ ಮನೆಯವರು ಹೊಸ ಅಂಗಿ ಹೊಲಿಸಿದ್ದಾರೆ, ಯಾಕೆ? ಗೌರಿಯನ್ನು ನೋಡುವ ನೆಪದಲ್ಲಿ ಅಗರಕ್ಕೆ ಪದೇ ಪದೇ ಹೋಗುತ್ತಾರೆ, ಯಾಕೆ? ಆ ಪುಸ್ತಕವನ್ನೇ ಆರಿಸಿ ತಂದರಲ್ಲ, ಯಾಕೆ? ಓದಲು ಬರದಿದ್ದರೇನು, ಅಂಗಡಿಯವನು ಕತೆ ಹೇಳಿರಬಹುದು. ಬಾಯಿಬಿಟ್ಟು ಹೇಳಲಾರದ್ದನ್ನು ಪುಸ್ತಕದಲ್ಲಿ ಹೇಳಿ ಕಳಿಸಿದರು ಅಂತ ಗಟ್ಟಿ ಮಾಡಿಕೊಂಡೆ. ಆ ವಾರ ಜ್ವರ ಮತ್ತೆ ಏರಿತು. ಕಾಂಪೌಂಡರು "ಏನಮ್ಮ, ಮಾತ್ರೆ ಬಿಟ್ಟಿದ್ದೀರಾ?" ಅಂತ ಗದರಿದರು. ಮಾತ್ರೆ ಬಿಟ್ಟಿರಲಿಲ್ಲ. ಹೇಳಿಕೊಳ್ಳಲು ಒಂದು ನರಪಿಳ್ಳೆ ಇರಲಿಲ್ಲ, ಅದಕ್ಕೆ ಅವರಲ್ಲಿ ಮಾತ್ರೆ ಇರಲಿಲ್ಲ.

ಕೊನೆಗೆ ತಡೆಯಲಾರದೆ ಒಂದು ಸಂಜೆ, ಹುಳಕ್ಕೆ ಸೊಪ್ಪು ಹಾಕಿ ಬಂದು ಹೊಸಿಲಾಚೆ ಕೂತ ನಮ್ಮ ಮನೆಯವರನ್ನು ಕೇಳಿಯೇಬಿಟ್ಟೆ. "ಆ ಪುಸ್ತಕ ಯಾಕ್ ತಂದ್ರಿ?"

"ಯಾವ್ದು?"

"ಟೀಬಿ ಬಂದೋಳು ತಂಗಿಗೆ ಗಂಡನ್ನ ಒಪ್ಪಿಸಿ ಸಾಯೋದು."

ಅವರು ನನ್ನನ್ನೇ ನೋಡಿದರು. "ಅದ್ರಲ್ಲಿ ಅಂಗಿತ್ತಾ? ನಂಗೇನೇ ಗೊತ್ತು? ಕೂಸ್ನ ಎತ್ಕಂಡು ನಗ್ತಾವ್ಳೆ, ನಿಂಗೂ ಗೌರಿಯ ನೋಡ್ದಂಗೆ ಆಯ್ತದೆ ಅಂತ ತಂದೆ" ಅಂದರು. ಅಂದು ತಲೆ ತಗ್ಗಿಸಿ ಕೂತುಬಿಟ್ಟರು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಅವ್ವ ನಿಮ್ಮನ್ನೂ ಕೇಳುದ್ರಾ?"

"ಕೇಳುದ್ರು. ಡಾಕ್ಟ್ರು ವಾಸಿ ಆಯ್ತದೆ ಅಂದವ್ರೆ, ವಾಸಿ ಆದ್ಮೇಲೆ ಬಂದು ಅವ್ಳನ್ನೇ ಕೇಳಿ ಅಂದೆ."

ಅಷ್ಟೇ ಅಂದದ್ದು. ಆ ಮಾತು ನನಗೆ ಸಾಲಲಿಲ್ಲ. ಆಗುವುದಿಲ್ಲ ಅಂತ ಗಟ್ಟಿಯಾಗಿ ಹೇಳಿ ಬರಬಾರದಿತ್ತೇ? ಕಾದಂಬರಿಯವರಾಗಿದ್ದರೆ ಒಂದು ಪುಟ ಹೇಳುತ್ತಿದ್ದರು. ಇವರು ಎದ್ದು, ನಾನು ಕುಡಿದ ಲೋಟವನ್ನು ತಾವೇ ಎತ್ತಿಕೊಂಡು ಹೋಗಿ ತೊಳೆದಿಟ್ಟರು. ಅತ್ತೆ ಒಳಗಿಂದ ಬೈಯುವುದು ಕೇಳಿಸಿತು. ಮಾರನೇ ದಿನದಿಂದ ಜ್ವರ ಇಳಿಯಿತು ಅಂದರೆ ನೀವು ನಂಬಬೇಕಾಗಿಲ್ಲ, ಆದರೆ ಇಳಿಯಿತು.

ಆಮೇಲೆ ಮಾದೇವಿ ಬಂದಳು. ಮುಖ ಊದಿಕೊಂಡಿತ್ತು. ನಾನು ಬೈಯುವ ಮುಂಚೆಯೇ, "ನಂಗೆ ನಿನ್ ಗಂಡ ಬ್ಯಾಡ ಕಣಕ್ಕ, ನಂಗೆ ಯಾರೂ ಬ್ಯಾಡ. ಅವ್ವಂಗೆ ಏಳ್ಬುಟ್ಟೇ ಬಂದೀನಿ" ಅಂದಳು. ನನಗೆ ಎದ್ದು ಹೋಗಿ ತಬ್ಬಿಕೊಳ್ಳುವ ಹಾಗಾಯಿತು. ತಬ್ಬಿಕೊಳ್ಳುವ ಹಾಗಿರಲಿಲ್ಲ. ಅವಳು ಹೋಗಲಿಲ್ಲ, ಅಲ್ಲೇ ಸೀರೆಯ ಅಂಚು ತಿರುವುತ್ತಾ ನಿಂತಿದ್ದಳು.

"ಇನ್ನೇನೇ?"

"ಗೌರಿಯ ಮಾತ್ರ ಕೇಳ್ಬ್ಯಾಡ ಕಣಕ್ಕ. ನನ್ ಬುಟ್ಟು ಮಲಗಲ್ಲ ಅದು. ನಾನೂ ಮಲಗಲ್ಲ."

ನಾನು ಇಷ್ಟು ದಿನ ಯಾವ ಬಾಗಿಲು ಕಾಯುತ್ತಿದ್ದೆನೋ, ಕಳ್ಳತನ ಆಗುತ್ತಿದ್ದದ್ದು ಆ ಬಾಗಿಲಲ್ಲಿ ಅಲ್ಲ. ಅವಳನ್ನು ಬೈಯಲು ಬಾಯಿ ತೆರೆದೆ. ಅವಳಿಗೆ ಹತ್ತೊಂಬತ್ತೋ ಇಪ್ಪತ್ತೋ. ನನ್ನ ಕೂಸಿಗೆ ಹಲ್ಲು ಬಂದಾಗ, ಸಿಡುಬಿನ ಸೂಜಿ ಹಾಕಿಸಿ ಜ್ವರ ಬಂದಾಗ ಎತ್ತಿಕೊಂಡು ತಿರುಗಿದವಳು ಅವಳು. ಕೂಸನ್ನು ನೋಡಿಕೋ ಅಂತ ಕೊಟ್ಟವರು ನಾವು, ಪ್ರೀತಿ ಮಾಡಬೇಡ ಅಂತ ಹೇಳಿ ಕೊಟ್ಟಿರಲಿಲ್ಲ. "ಓಗು, ಬಸ್ಸು ಬತ್ತದೆ" ಅಂದೆ.

ಮುಂದಿನ ಬೇಸಿಗೆಯಲ್ಲಿ ಕಫ ಚೊಕ್ಕ ಅಂತ ಬಂತು. ಮತ್ತೆ ಒಂದು ಸಲ ನೋಡಿದರು, ಚೊಕ್ಕ. ಡಾಕ್ಟರು, "ಇನ್ನು ಮಗಳನ್ನು ಕರಕೊಂಡು ಬನ್ನಿ" ಅಂದಾಗ ನಾನು ಅಲ್ಲೇ ಬೆಂಚಿನ ಮೇಲೆ ಕೂತು ಗೊಳೋ ಅಂತ ಅತ್ತೆ. ನಮ್ಮ ಮನೆಯವರು ಹುಳ ಬಿಟ್ಟು ಬರುವ ಹಾಗಿರಲಿಲ್ಲ, ನಾನೊಬ್ಬಳೇ ಅಗರಕ್ಕೆ ಹೋದೆ. ಗೌರಿ ಜಗುಲಿಯಲ್ಲಿ ಆಡುತ್ತಿತ್ತು. ಉದ್ದ ಆಗಿತ್ತು, ಎರಡು ಜಡೆ. ನನ್ನನ್ನು ನೋಡಿ ಎದ್ದು ಒಳಗೆ ಓಡಿ, "ಅವ್ವಾ, ಯಾರೋ ಬಂದವ್ರೆ" ಅಂತು. ಮಾದೇವಿ ಕೈ ಒರೆಸಿಕೊಳ್ಳುತ್ತಾ ಬಂದಳು. ನನ್ನ ಮುಖ ನೋಡಿ ಎಲ್ಲ ತಿಳಿದುಕೊಂಡಳು.

"ಇವ್ರು ಯಾರು ಗೊತ್ತಾ?" ಅಂತ ಕೂಸನ್ನು ಕೇಳಿದಳು.

"ಯಾರು?"

ಮಾದೇವಿಯ ಬಾಯಿಂದ ಅಭ್ಯಾಸದ ಮಾತೇ ಬಂತು. "ಅಕ್ಕ" ಅಂದಳು. ಕೂಸು ಅದನ್ನೇ ಹಿಡಿದುಕೊಂಡಿತು.

ಎರಡು ದಿನ ಅಲ್ಲೇ ಇದ್ದೆ. ಮಾದೇವಿ ಕೂಸಿನ ಬಟ್ಟೆ ಒಗೆದು, ಮಡಿಸಿ, ಗಂಟು ಕಟ್ಟಿದಳು. ಬೇಡ ಅನ್ನುತ್ತಾಳೆ, ಜಗಳ ಆಡುತ್ತಾಳೆ ಅಂತ ಕಾದೆ. ಆಡಲಿಲ್ಲ. ಬಸ್ಸು ಬಂದಾಗ ತಾನೇ ಹತ್ತಿ, ಕಿಟಕಿಯ ಪಕ್ಕ ನನ್ನನ್ನು ಕೂರಿಸಿ, ಗೌರಿಯನ್ನು ನನ್ನ ತೊಡೆಗೆ ಹಾಕಿ, "ಮಿಠಾಯಿ ತತ್ತೀನಿ, ಕೂತಿರು" ಅಂತ ಹೇಳಿ ಇಳಿದಳು. ಇಳಿದವಳು ಕಿಟಕಿಯ ಕಡೆ ಬರಲಿಲ್ಲ. ಕೂಸಿಗೆ ಕಾಣದ ಹಾಗೆ ಬಸ್ಸಿನ ಹಿಂದಕ್ಕೆ ಹೋಗಿ ನಿಂತಳು. ನನಗೆ ಅವಳ ಸೀರೆಯ ಸೆರಗಿನ ತುದಿ ಮಾತ್ರ ಕಾಣುತ್ತಿತ್ತು.

ಬಸ್ಸು ಹೊರಟಿತು. ಗೌರಿ "ಅವ್ವಾ, ಅವ್ವಾ" ಅಂತ ಕಿಟಕಿಯ ಸರಳು ಹಿಡಿದು ಚೀರಿತು. ಬಸ್ಸಿನವರೆಲ್ಲ ತಿರುಗಿ ನೋಡಿದರು. ಕಂಡಕ್ಟರು ಒಳ್ಳೆಯ ಮನುಷ್ಯ, ಟಿಕೀಟು ಹರಿಯುತ್ತಾ ಬಗ್ಗಿ, "ಯಾಕವ್ವ ಮಗ, ಅವ್ವನ ತೊಡೆ ಮೇಲೇ ಕೂತ್ಕಂಡು ಅವ್ವಾ ಅಂತೀಯಲ್ಲ?" ಅಂದ.

"ಇವ್ಳು ಅವ್ವ ಅಲ್ಲ, ಅಕ್ಕ" ಅಂತು ಕೂಸು.

ಅವನು ನನ್ನ ಮುಖ ನೋಡಿದ. "ಎಲ್ಗೆ?" ಅಂದ. ಹನೂರಿಗೆ ಹೋಗಬೇಕು, ಈಗ ಕೊಳ್ಳೇಗಾಲಕ್ಕೆ ಕೊಡಿ ಅಂದೆ. ಅಗರ ದಾಟಿ ಎಷ್ಟೋ ದೂರದವರೆಗೆ ಕೂಸು ಒದ್ದಾಡಿತು, ನನ್ನ ಕೈಗೆ ಕಚ್ಚಿತು. ಕಚ್ಚಲಿ ಅಂತ ಬಿಟ್ಟೆ. ಎಷ್ಟೋ ದಿನವಾಗಿತ್ತು, ಅದರ ಮೈ ನನ್ನ ಮೈಗೆ ತಾಗಿ.

ಮಾದೇವಿಗೆ ಯಳಂದೂರಿನಲ್ಲಿ ಮದುವೆಯಾಯಿತು, ಅವಳದ್ದೇ ಎರಡು ಗಂಡುಮಕ್ಕಳಿವೆ. ಗೌರಿ ರಜಕ್ಕೆ ಹೋದಾಗ ಅವಳನ್ನು ಅವ್ವ ಅಂತಾಳೆ, ಅವಳ ಮಕ್ಕಳು ನಗುತ್ತವೆ. ನನ್ನನ್ನು ಇವತ್ತಿಗೂ ಅಕ್ಕ ಅಂತಾಳೆ. ತಿದ್ದಿಕೋ ಅಂತ ಅತ್ತೆ ಎಷ್ಟೋ ಸಲ ಹೇಳಿದರು. ನಾನು ತಿದ್ದಲಿಲ್ಲ. ಸ್ಕೂಲಿಂದ ಬಂದು ಬಾಗಿಲಲ್ಲೇ ನಿಂತು "ಅಕ್ಕಾ" ಅಂತ ಕೂಗುತ್ತಾಳೆ, ನಾನು ಒಳಗಿಂದ ಓ ಅಂತೀನಿ.